ತೂಬಿಗಿಳಿದದ್ದು ಯಾರು?

ಚೌಡೇನಕೆರೆ, ಬಾಗಲೂರು ಅಂಚೆ
೯ ಆಗಸ್ಟ್ ೧೯೫೮

ಪತ್ತೇದಾರಿ ಕಾದಂಬರಿಕಾರರಾದ ಶ್ರೀ ತ್ರಿವಿಕ್ರಮ ಅವರಿಗೆ,

ನಾನು ಈ ಊರಿನ ಪ್ರೈಮರಿ ಶಾಲೆಯ ಉಪಾಧ್ಯಾಯಿನಿ. ಹೆಸರು ಕೃಷ್ಣಮ್ಮ. ವಾರಪತ್ರಿಕೆಯಲ್ಲಿ ಬರುತ್ತಿರುವ ನಿಮ್ಮ 'ಏರಿಯ ಮೇಲೆ ನಿಂತವಳು' ಧಾರಾವಾಹಿಯನ್ನು ಪ್ರತಿ ಶನಿವಾರ ಸಂಜೆ ಚಾವಡಿಯಲ್ಲಿ ಊರಿಗೆಲ್ಲ ಓದಿ ಹೇಳುವವಳು ನಾನೇ. ಮೊದಮೊದಲು ಎಲ್ಲರಿಗಿಂತ ಹೆಚ್ಚು ಕುತೂಹಲ ನನಗೇ ಇತ್ತು. ಈಗ ಪತ್ರಿಕೆ ಬಂತೆಂದರೆ ಬಿಚ್ಚಲು ಹೆದರುತ್ತೇನೆ.

ನೀವು ಊರಿನ ಹೆಸರು ಮರೆಸಿದ್ದೀರಿ. ಆದರೆ ತೂಬಿನ ಎರಡು ಕಲ್ಲುಕಂಬಗಳಲ್ಲಿ ಒಂದು ಬಿರುಕು ಬಿಟ್ಟದ್ದು, ಏರಿಯ ಮೇಲೆ ವಾಲಿದ ಹೊಂಗೆಮರ, ಇವೆಲ್ಲ ನಮ್ಮ ಕೆರೆಯವೇ. ನನ್ನ ತಂದೆ ಆವಲಪ್ಪನವರು ಇಲ್ಲಿನ ನೀರುಗಂಟಿ. ಕೆರೆಯ ತಳಕ್ಕೆ ಮುಳುಗಿ, ತೂಬಿನ ಬಿರಡೆ ತೆಗೆದು, ಗದ್ದೆಗಳಿಗೆ ನೀರು ಬಿಡುವುದು ತಲೆಮಾರಿನಿಂದ ನಮ್ಮ ಮನೆಯ ಕೆಲಸ. ಅದಕ್ಕಾಗಿ ಬಿಟ್ಟ ಎರಡು ಎಕರೆ ಮಾನ್ಯದ ಜಮೀನೇ ನಮಗೆ ಅನ್ನ.

ಒಂಬತ್ತನೆಯ ಕಂತಿನಲ್ಲಿ, ಹಗ್ಗ ಹಿಡಿದು ನಿಂತಿದ್ದ ಹೆಂಗಸಿನ ತಲೆಗೆ ಹೊಂಗೆಯ ಕೊಂಬೆ ತಾಗುತ್ತಿತ್ತು ಎಂದು ಬರೆದಿದ್ದೀರಿ. ಓದಿ ಮುಗಿಸುವಷ್ಟರಲ್ಲಿ ನಮ್ಮ ದಾಯಾದಿ ಚಿಕ್ಕಬೈರಪ್ಪ ಎದ್ದು ನಿಂತು, "ನಮ್ಮೂರಾಗೆ ಆ ಕೊಂಬೆ ತಾಗೋವಷ್ಟು ಉದ್ದದ ಎಂಗಸು ಯಾರೂ ಇಲ್ವಲ್ಲಾ" ಎಂದ. ಅಂದಿನಿಂದ ದಿನಕ್ಕೆ ಎರಡು ಸಲ ಆ ಮರದ ಕೆಳಗೆ ಹೋಗಿ ನಿಲ್ಲುತ್ತಾನೆ. ನೀರುಗಂಟಿಕೆಯ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿದೆ.

ಅಂದು ನೀವೆಲ್ಲಿ ಅಡಗಿದ್ದಿರೋ ನನಗೆ ತಿಳಿಯದು. ನೋಡಿದ್ದಂತೂ ನಿಜ. ಕೊನೆಯ ಕಂತುಗಳಲ್ಲಿ ಅದನ್ನು ಬಯಲು ಮಾಡಬೇಡಿ. ಮಾಡಿದರೆ ನನ್ನ ತಂದೆ ತಾಯಿ ಈ ಊರಿನಲ್ಲಿ ತಲೆ ಎತ್ತಿಕೊಂಡು ಬದುಕುವಂತಿಲ್ಲ. ಈ ಕಾಗದವನ್ನು ಹರಿದುಹಾಕಿ ಎಂದು ಕಾಲಿಗೆ ಬಿದ್ದು ಕೇಳುತ್ತೇನೆ.

ನಮಸ್ಕಾರಗಳೊಂದಿಗೆ,
ಕೃಷ್ಣಮ್ಮ

*

ಯಶವಂತಪುರ
೧೯ ಆಗಸ್ಟ್ ೧೯೫೮

ಕೃಷ್ಣಮ್ಮನವರಿಗೆ,

ಮೊದಲು ಒಂದು ಮಾತು. ತ್ರಿವಿಕ್ರಮ ಎಂಬ ಗಂಡಸು ಎಲ್ಲಿಯೂ ಇಲ್ಲ. ಹೆಂಗಸಿನ ಹೆಸರು ಕಂಡರೆ ಕೊಲೆಯ ಕಥೆಗೆ ಓದುಗರು ಹೆದರುವುದೇ ಇಲ್ಲ ಎಂದು ಸಂಪಾದಕರು ಆ ಹೆಸರಿಟ್ಟರು. ನಾನು ನಾಗಮಣಿ. ಇಪ್ಪತ್ತೆಂಟು ವರ್ಷ. ಅಡಿಗೆಮನೆಯ ಬಾಗಿಲು ಹಾಕಿಕೊಂಡು ಕೊಲೆಗಳನ್ನು ಬರೆಯುತ್ತೇನೆ.

ನಾನು ಕಂಡದ್ದನ್ನು ಇದುವರೆಗೆ ಒಬ್ಬರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಸಾವಿರದ ಒಂಬೈನೂರ ನಲವತ್ತೊಂದರ ಸಂಕ್ರಾಂತಿ ರಜೆ. ನಿಮ್ಮೂರಿನ ಶಾನುಭೋಗರಾಗಿದ್ದ ನನ್ನ ಸೋದರಮಾವನ ಮನೆಗೆ ಬಂದಿದ್ದೆ. ಹನ್ನೊಂದು ವರ್ಷದ ಹುಡುಗಿ. ಅತ್ತೆಯ ಪೂಜೆಗೆ ತುಂಬೆ ಹೂ ಕೊಯ್ಯಲೆಂದು ಸೂರ್ಯ ಹುಟ್ಟುವ ಮೊದಲೇ ಏರಿ ಹತ್ತಿದೆ. ತಲೆಗೆ ವಸ್ತ್ರ ಸುತ್ತಿದ, ಲಂಗೋಟಿಯ ಒಬ್ಬ ಆಳು ತೂಬಿನ ಕಂಬದಿಂದ ನೀರಿಗೆ ಇಳಿದ. ಸೆರಗು ಹೊದ್ದ ಎತ್ತರದ ಹೆಂಗಸು ಹಗ್ಗ ಹಿಡಿದು ನಿಂತಿದ್ದಳು. ನಾನೂ ಆಟಕ್ಕೆಂದು ಉಸಿರು ಹಿಡಿದೆ. ಬಿಟ್ಟೆ. ಮತ್ತೆ ಹಿಡಿದೆ. ನಾಲ್ಕನೆಯ ಸಲಕ್ಕೆ ನನಗೆ ಹೆದರಿಕೆಯಾಯಿತು. ನೀರು ಅಲುಗಲಿಲ್ಲ. ಹಗ್ಗ ಜಗ್ಗಿತು, ಜಗ್ಗಿತು, ಆ ಹೆಂಗಸು ಕೈಯನ್ನು ಬಿಚ್ಚಿಬಿಟ್ಟಳು. ಹಗ್ಗ ಪೂರ್ತಿ ನೀರಿನೊಳಗೆ ಹೋಯಿತು. ಅವಳು ಕೂಗಲಿಲ್ಲ, ಓಡಲಿಲ್ಲ. ನಿಧಾನವಾಗಿ ನಡೆದು ಏರಿಯ ಆಚೆಗೆ ಇಳಿದುಹೋದಳು.

ನಾನು ಓಡಿ ಮನೆ ಸೇರಿ ಮೂರು ದಿನ ಜ್ವರದಲ್ಲಿ ಮಲಗಿದೆ. ಆ ತಿಂಗಳೇ ಮಾವ ಬೇರೆ ಊರಿಗೆ ಹೋದರು, ಸತ್ತವರು ಯಾರೆಂಬ ಸುದ್ದಿ ನನ್ನ ಕಿವಿಗೆ ಬೀಳಲಿಲ್ಲ. ಕೊಲೆ ಕಂಡೂ ಬಾಯಿ ಬಿಡದವಳು ನಾನು ಎಂಬ ಕೊರಗು ಹದಿನೇಳು ವರ್ಷದಿಂದ ಇದೆ. ನಾನು ಪತ್ತೇದಾರಿ ಬರೆಯಲು ಹತ್ತಿದ್ದೇ ಅದರಿಂದ. ಈ ಕಾದಂಬರಿಯಲ್ಲಿ ಅವಳು ಗಂಡನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದವಳು ಎಂದು ಕಲ್ಪಿಸಿಕೊಂಡೆ. ಅಂಥವಳು ಹಗ್ಗ ಬಿಟ್ಟದ್ದೇಕೆ? ಅದಕ್ಕೆ ಉತ್ತರ ನನ್ನಲ್ಲಿಲ್ಲ. ಕೊನೆಯ ಕಂತುಗಳಿಗೆ ಸಂಪಾದಕರು ದಿನಾ ಆಳು ಕಳಿಸುತ್ತಿದ್ದಾರೆ.

ನಿಮ್ಮ ತಂದೆ ಬದುಕಿದ್ದಾರೆ ಎಂದು ಬರೆದಿದ್ದೀರಿ. ಹಾಗಾದರೆ ಅಂದು ನೀರಿಗೆ ಇಳಿದು ಹೋದವನು ಯಾರು? ಹಗ್ಗ ಬಿಟ್ಟವರು ನಿಮ್ಮ ತಾಯಿಯೇ? ನಿಮ್ಮನ್ನು ನೋಯಿಸುತ್ತಿದ್ದೇನೆ ಎಂದು ಗೊತ್ತು. ಆದರೂ ಕೇಳದೆ ಇರಲಾರೆ.

ಇತಿ,
ನಾಗಮಣಿ

*

ಚೌಡೇನಕೆರೆ
೨ ಸೆಪ್ಟೆಂಬರ್ ೧೯೫೮

ನಾಗಮಣಿ ಅಕ್ಕನವರಿಗೆ,

ನಿಮ್ಮ ಕಾಗದ ಓದಿ ನಾನು ತಲೆ ಚಚ್ಚಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಮಕ್ಕಳಿಗೆ ವರ್ಷಾ ವರ್ಷಾ ಹೇಳಿಕೊಡುವವಳು ನಾನು, ಅದನ್ನೇ ಮಾಡಿದೆ. ನಿಮಗೇನೂ ಗೊತ್ತಿರಲಿಲ್ಲ! ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಈಗ ನೀವು ನನ್ನಮ್ಮನನ್ನು ಕೊಲೆಗಾರಳು ಎಂದುಕೊಂಡಿದ್ದೀರಿ. ಅದನ್ನು ಹೇಗೆ ಸಹಿಸಲಿ?

ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಅವಳು ರಾಗಿ ಕೇರುತ್ತಾ ಕೇಳಿ, "ಓ, ಈಯಮ್ಮನೂ ನನ್ ಥರಾನೇ, ಗಂಡಸಿನ ಎಸ್ರಾಗೆ ಕೆಲ್ಸ ಮಾಡೋಳು. ಏಳ್ಬುಡು. ನೀರಿಗಿಳಿದ ಮ್ಯಾಲೆ ಚಳಿ ಏನು, ಮಳೆ ಏನು" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕಾ, ನೀವು ಕಂಡ ಆಳು ನನ್ನಮ್ಮ, ಸೊಣ್ಣಮ್ಮ. ಏರಿಯ ಮೇಲೆ ಸೀರೆಯುಟ್ಟು ನಿಂತಿದ್ದವರು ನನ್ನಪ್ಪ.

ನಾನು ಹುಟ್ಟುವ ಹಿಂದಿನ ವರ್ಷ ತಳಕ್ಕೆ ಹೋದಾಗ ಅಪ್ಪನ ಕಿವಿ ಒಡೆದು ರಕ್ತ ಬಂತಂತೆ. ಅಂದಿನಿಂದ ತಲೆ ನೀರೊಳಗೆ ಹೋದರೆ ಅವರಿಗೆ ಮೇಲು ಯಾವುದು, ಕೆಳಗು ಯಾವುದು ತಿಳಿಯುವುದಿಲ್ಲ. ಹೇಳಿದರೆ ನೀರುಗಂಟಿಕೆ ದಾಯಾದಿಗೆ ಹೋಗುತ್ತದೆ, ಅದರ ಹಿಂದೆ ಜಮೀನೂ ಹೋಗುತ್ತದೆ. ಅಮ್ಮನ ತವರು ಹೆಸರಘಟ್ಟದ ಕಡೆ. ನೀರಲ್ಲೇ ಬೆಳೆದವಳು. "ನಾನ್ ಇಳೀತೀನಿ, ನೀನು ಅಗ್ಗ ಇಡ್ಕೊ" ಎಂದಳಂತೆ. ಆದರೆ ತೂಬಿನ ಕಲ್ಲನ್ನು ಹೆಂಗಸು ಮುಟ್ಟಿದರೆ ಕೆರೆ ಬತ್ತುತ್ತದೆ ಎಂಬುದು ಇಲ್ಲಿನ ನಂಬಿಕೆ. ಇನ್ನೊಂದು ಕಟ್ಟಳೆಯೂ ಇದೆ. ಕಾಲುವೆಯಲ್ಲಿ ನೀರು ಕಾಣುವವರೆಗೆ ನೀರುಗಂಟಿ ಮತ್ತು ಅವನ ಹೆಂಡತಿಯ ಹೊರತು ಬೇರಾರೂ ಏರಿ ಹತ್ತಬಾರದು, ಹತ್ತಿದವರ ಕಣ್ಣು ಹೋಗುತ್ತದೆ. ಪೇಟೆಯ ಹುಡುಗಿಯಾದ ನಿಮಗೆ ಅದು ತಿಳಿದಿರಲಿಲ್ಲ. ಆ ಎರಡನೆಯ ಕಟ್ಟಳೆಯೇ ನಮ್ಮನ್ನು ಕಾಪಾಡಿದ್ದು. ದೂರದಿಂದ ನೋಡುವವರಿಗೆ ಲಂಗೋಟಿಯದೊಂದು, ಸೆರಗಿನದೊಂದು ಆಕಾರ ಕಂಡರೆ ಸಾಕಿತ್ತು. ಇಬ್ಬರೂ ಬಟ್ಟೆ ಬದಲಿಸಿಕೊಂಡರು. ಇಪ್ಪತ್ತು ವರ್ಷದಿಂದ ಹಾಗೆಯೇ ನಡೆದಿದೆ.

ನೀವು ಕಂಡ ದಿನ ಬಿರಡೆ ತೆಗೆದರೂ ನೀರು ಹರಿಯಲಿಲ್ಲ. ಏರಿಯ ಅಡಿಯಲ್ಲಿ ಈ ಬದಿಯಿಂದ ಆ ಬದಿಗೆ ಒಂದು ಕಲ್ಲಿನ ಗಂಡಿ ಇದೆ. ಎಂಟು ಮಾರು ಉದ್ದ, ಒಬ್ಬರು ತೆವಳುವಷ್ಟು ಅಗಲ. ಅದರಲ್ಲಿ ಬೇವಿನ ಕೊರಡೊಂದು ಸಿಕ್ಕಿಕೊಂಡಿತ್ತು. ಅಮ್ಮ ಕಾಲು ಮುಂದಾಗಿ ಒಳಗೆ ನುಗ್ಗಿ ಅದನ್ನು ಒದ್ದಳು. ಕೊರಡು ಜಾರಿತು, ಹಿಂದಿನಿಂದ ಕೆರೆಯ ನೀರೆಲ್ಲ ಅವಳನ್ನು ದಬ್ಬಿತು. ವಾಪಸು ಬರುವ ಮಾತೇ ಇರಲಿಲ್ಲ. ಸೊಂಟದ ಹಗ್ಗ ಮಾತ್ರ ಅವಳನ್ನು ಹಿಡಿದು ನಿಲ್ಲಿಸಿತ್ತು. ನಾಲ್ಕು ಸಲ ಜಗ್ಗಿದರೆ ಬಿಟ್ಟುಬಿಡು ಎಂದು ತಾನು ಇಳಿಯತೊಡಗಿದ ಹೊಸದರಲ್ಲಿ ಹೇಳಿದ್ದಳಂತೆ. ಆ ಸನ್ನೆ ಅದುವರೆಗೆ ಬೇಕಾಗಿರಲಿಲ್ಲ. ಅಂದು ಜಗ್ಗಿದಳು. ಅಪ್ಪ ಬಿಟ್ಟರು.

ಅವರು ಕೂಗಿದ್ದರೆ ಊರು ಬಂದು ಸೀರೆಯುಟ್ಟ ನೀರುಗಂಟಿಯನ್ನು ನೋಡುತ್ತಿತ್ತು. ಬಾಯಿಗೆ ಸೆರಗು ತುರುಕಿಕೊಂಡು, ಹೆಂಗಸು ನಡೆಯುವಂತೆ ನಡೆದು, ಆಚೆ ಬದಿಯ ಗಂಡಿಯ ಬಾಯಿಗೆ ಹೋಗಿ ಕೂತರು. ಮೊದಲು ಕೊರಡು ಬಂತು. ಆಮೇಲೆ ಕೆಸರು. ಆಮೇಲೆ ಅಮ್ಮ. ಹೆಗಲು, ಬೆನ್ನು ಎಲ್ಲ ತರಚಿ ಹೋಗಿತ್ತು. ಅಪ್ಪ ಅಳುತ್ತಾ ತಬ್ಬಿಕೊಳ್ಳಲು ಬಂದರೆ ಅಮ್ಮ ಆಡಿದ ಮೊದಲ ಮಾತು, "ಸೀರೆ ಒದ್ದೆ ಮಾಡ್ಬ್ಯಾಡ. ನಾನು ಉಟ್ಕೊಂಡು ಮನೇಗೆ ಓಗ್ಬೇಕು."

ಇಷ್ಟೇ ಅಕ್ಕಾ. ನಮ್ಮ ಮನೆ ಈಗ ನಿಮ್ಮ ಕೈಯಲ್ಲಿದೆ.

ನಿಮ್ಮ,
ಕೃಷ್ಣಮ್ಮ

*

ಯಶವಂತಪುರ
೬ ಸೆಪ್ಟೆಂಬರ್ ೧೯೫೮

ಕೃಷ್ಣಮ್ಮ,

ಓದಿ ಮುಗಿಸಿ ಎರಡು ದಿನವಾಯಿತು, ಇನ್ನೂ ಮೂಗಿನ ಮೇಲಿನ ಬೆರಳು ತೆಗೆದಿಲ್ಲ. ಸಾರು ಉಕ್ಕಿಸಿದ್ದೇನೆ, ಹಾಲು ಸೀಯಿಸಿದ್ದೇನೆ. ನನ್ನ ಯಜಮಾನರು "ಏನ್ ಸಮಾಚಾರ, ಮತ್ತೆ ಯಾರನ್ನಾದ್ರೂ ಸಾಯಿಸ್ತಿದೀಯಾ?" ಎಂದರು. ಹದಿನೇಳು ವರ್ಷದ ಹಿಂದೆ ಸತ್ತವಳು ಎದ್ದು ಬಂದಿದ್ದಾಳೆ ಎಂದು ಅವರಿಗೆ ಹೇಗೆ ಹೇಳಲಿ?

ನಾನು ಏರಿಯ ಒಂದೇ ಬದಿಯನ್ನು ನೋಡಿ ಓಡಿದವಳು. ಹತ್ತು ಹೆಜ್ಜೆ ಮುಂದೆ ಬಂದಿದ್ದರೆ ಜಗತ್ತಿನಲ್ಲಿ ಯಾರೂ ಕಾಣದ್ದನ್ನು ಕಾಣುತ್ತಿದ್ದೆ.

ಸುಳ್ಳೇಕೆ ಹೇಳಲಿ, ನಿನ್ನ ಕಾಗದ ಬಂದ ದಿನವೇ ಆ ನಿಜವಾದ ಮುಕ್ತಾಯವನ್ನು ಬರೆದುಬಿಟ್ಟೆ. ಹನ್ನೊಂದು ಪುಟ. ನಾನು ಬರೆದದ್ದರಲ್ಲೆಲ್ಲ ಅದೇ ಉತ್ತಮವಾದದ್ದು. ಮೇಜಿನ ಮೇಲಿದೆ. ನಿಮ್ಮ ತಾಯಿಯನ್ನು ನೋಡದೆ ಏನೂ ಕಳಿಸುವುದಿಲ್ಲ. ಬರುವ ಭಾನುವಾರ ಮೊದಲ ಬಸ್ಸಿಗೆ ಬಾಗಲೂರಿಗೆ ಬರ್ತೀನಿ. ಶಾನುಭೋಗರ ಸೋದರಸೊಸೆ ಹಳೆಯ ಊರು ನೋಡಲು ಬಂದಳು ಎಂದು ಹೇಳಿದರಾಯಿತು.

ನಾಗಮಣಿ

*

ಯಶವಂತಪುರ
೨೪ ಸೆಪ್ಟೆಂಬರ್ ೧೯೫೮

ತಂಗಿ ಕೃಷ್ಣಮ್ಮನಿಗೆ,

ನಿಮ್ಮೂರಿಂದ ಬಂದು ಹತ್ತು ದಿನವಾದರೂ ಭುಜ ನೋಯುತ್ತಿದೆ. ನೀನು ಬೇಡವೆಂದರೂ ಆ ಗಂಡಿಯ ಬಾಯಲ್ಲಿ ತೂರಿ ನೋಡಿದೆನಲ್ಲ, ಅದರ ಫಲ. ಒಣಗಿದ ಗಂಡಿ, ಹಗಲು ಹೊತ್ತು, ಹೊರಗೆ ನನ್ನ ಕಾಲು ಹಿಡಿದುಕೊಂಡು ನೀನು. ಆದರೂ ಎರಡು ಮೊಳ ಹೋಗುವಷ್ಟರಲ್ಲಿ ಹೊರಗೆಳೆ ಎಂದು ಕೂಗಿಕೊಂಡೆ. ಅದರೊಳಗೆ ಕತ್ತಲೆಯಲ್ಲಿ, ಉಸಿರಿಲ್ಲದೆ, ಸಂಕ್ರಾಂತಿಯ ನೀರಿನಲ್ಲಿ ಎಂಟು ಮಾರು! ನಾನು ಹೊರಗೆ ಬಂದು ನಿನ್ನಮ್ಮನ ಕಾಲು ಮುಟ್ಟಿದೆ. ಅವರು ನಾಚಿಕೊಂಡು, "ಅಯ್ಯೋ, ಉಸ್ರು ಕಟ್ಟೋದೇನ್ ದೊಡ್ದು ಬುಡವ್ವ. ಆಯಪ್ಪ ಅಗ್ಗ ಬುಟ್ನಲ್ಲಾ, ಅದು ದೊಡ್ದು" ಎಂದರು. ನಿನ್ನ ತಂದೆ ಆ ಮಾತು ಕೇಳಿಸದವರಂತೆ ಬೀಡಿ ಹುಡುಕುತ್ತಿದ್ದರು. ಅವರಿಬ್ಬರ ಮುಂದೆ ನನ್ನ ಪ್ರೇಮ ಪ್ರಸಂಗಗಳೆಲ್ಲ ಬರೀ ಕಾಗದ ಅನ್ನಿಸಿತು.

ಹನ್ನೊಂದು ಪುಟಗಳನ್ನು ಬಚ್ಚಲ ಒಲೆಗೆ ಹಾಕಿದೆ. ಕೊನೆಯ ಪುಟ ಉರಿಯುವವರೆಗೂ ಅಲ್ಲೇ ಕೂತಿದ್ದೆ. ಹೊಸ ಮುಕ್ತಾಯದಲ್ಲಿ ನೀರುಗಂಟಿಯೇ ಇಳಿಯುತ್ತಾನೆ, ಅವನೇ ಗಂಡಿಯಲ್ಲಿ ಹಾದು ಆಚೆ ಬರುತ್ತಾನೆ, ಹೆಂಡತಿ ಕಾದಿರುತ್ತಾಳೆ. ನಿನ್ನಮ್ಮ ಹೇಳಿದ್ದೂ ಅದನ್ನೇ: "ಅವ್ರೇ ಇಳಿದ್ರು ಅಂತ ಬರೀರಿ, ಅವ್ರಿಗೆ ಒಸಿ ಎಸ್ರು ಬರ್ಲಿ." ಚಿಕ್ಕಬೈರಪ್ಪನ ಬಾಯಿ ಮುಚ್ಚಿಸಲು ಒಂದು ವಾಕ್ಯ ಸೇರಿಸಿದ್ದೇನೆ. ಅವಳು ಎತ್ತರದ ಕಲ್ಲೊಂದರ ಮೇಲೆ ನಿಂತಿದ್ದಳು, ಆದ್ದರಿಂದಲೇ ತಲೆಗೆ ಕೊಂಬೆ ತಾಗಿತು.

ನೀನು ಧೈರ್ಯವಾಗಿ ಓದು. ಇನ್ನು ಹೆದರುವುದಕ್ಕೆ ಏನೂ ಉಳಿದಿಲ್ಲ.

ಪ್ರೀತಿಯ ಅಕ್ಕ,
ನಾಗಮಣಿ

*

ಚೌಡೇನಕೆರೆ
೧ ಡಿಸೆಂಬರ್ ೧೯೫೮

ಅಕ್ಕಾ,

ಮೊನ್ನೆ ಶನಿವಾರ ಕೊನೆಯ ಕಂತು ಓದಿದೆ. ಚಾವಡಿಯಲ್ಲಿ ಜಾಗ ಸಾಲದೆ ಬಂಡಿಯ ಮೇಲೆಲ್ಲ ಕೂತಿದ್ದರು. ಕಲ್ಲಿನ ಮೇಲೆ ನಿಂತ ವಾಕ್ಯ ಬಂದಾಗ ಚಿಕ್ಕಬೈರಪ್ಪ ಮುಖ ಹುಳ್ಳಗೆ ಮಾಡಿಕೊಂಡ. ನೀರುಗಂಟಿ ಕತ್ತಲೆಯಿಂದ ಹೊರಗೆ ಬಂದಾಗ ಜನ ಒಟ್ಟಿಗೆ "ಹೋ" ಎಂದು ಕೂಗಿದರು. ಪಟೇಲ ಚಿಕ್ಕಹನುಮಯ್ಯನವರು, "ಇದು ನಮ್ಮ ಆವಲಪ್ಪನ ಕತೆ ಕಣ್ರಪ್ಪಾ! ಎದ್ದೇಳೋ ಆವಲಪ್ಪಾ, ನಿನ್ನ ಮುಖ ಒಂದ್ಸಲ ನೋಡ್ಕೊತೀವಿ" ಎಂದು ತಮ್ಮ ಹೆಗಲಿನ ವಲ್ಲಿಯನ್ನೇ ತೆಗೆದು ಅಪ್ಪನಿಗೆ ಹೊದಿಸಿದರು.

ಅಪ್ಪ ಎದ್ದರು. ಆಮೇಲೆ ಆ ವಲ್ಲಿಯನ್ನು ಮಡಿಸಿ ಪಟೇಲರ ಕೈಗೆ ವಾಪಸು ಕೊಟ್ಟರು.

"ಇಪ್ಪತ್ ವರ್ಸ ಬಾಯಿ ಮುಚ್ಕೊಂಡಿದ್ದೆ. ಯಾರೂ ಇಂಗೆ ಒಗಳಿರ್ಲಿಲ್ಲ, ತಡ್ಕೊಂಡಿದ್ದೆ. ಇವತ್ತು ಆಗಲ್ಲ. ತೂಬಿಗೆ ಇಳಿದೋನು ನಾನಲ್ಲ. ಇಳಿದೋಳು ಇವ್ಳು, ಸೊಣ್ಣಿ. ಏರಿ ಮ್ಯಾಲೆ ಸೀರೆ ಉಟ್ಕೊಂಡು ನಿಂತಿದ್ದೋನು ನಾನು. ನನಗೆ ನೀರು ಕಂಡ್ರೆ ತಲೆ ತಿರುಗ್ತೈತೆ" ಎಂದರು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಆ ನಗುವೂ ನಿಂತಿತು. ಚಿಕ್ಕಬೈರಪ್ಪ ಒಬ್ಬನೇ ಮಾತಾಡಿದ: "ಎಂಗಸು ಮುಟ್ಟಿದ ತೂಬು! ಇನ್ನು ನೀರುಗಂಟಿಕೆ ನಂದು, ಜಮೀನೂ ನಂದು." ಪಟೇಲರು ಅಪ್ಪನ ಮುಖ ನೋಡಲಾರದೆ, ಸಂಕ್ರಾಂತಿಗೆ ಚಿಕ್ಕಬೈರಪ್ಪನೇ ನೀರು ಬಿಡಲಿ, ಉಳಿದದ್ದು ಆಮೇಲೆ ಎಂದು ಎದ್ದು ಹೋದರು.

ಅಮ್ಮ ಎರಡು ದಿನ ಅಪ್ಪನಿಗೆ ಮುದ್ದೆ ಬಡಿಸಿದ್ದು ಮಾತಿಲ್ಲದೆ. ಇವತ್ತು ಬೆಳಿಗ್ಗೆ ಮಾತ್ರ "ಚಳಿ ಐತೆ, ಕಂಬ್ಳಿ ಒದ್ಕೊ" ಎಂದಳು.

ನಿಮ್ಮ ತಪ್ಪು ಏನೂ ಇಲ್ಲ ಅಕ್ಕಾ. ಆದರೆ ಮುಂದೆ ಏನು ಎಂದು ನಮಗೆ ಯಾರಿಗೂ ತಿಳಿದಿಲ್ಲ.

ಕೃಷ್ಣಮ್ಮ

*

ಯಶವಂತಪುರ
೬ ಡಿಸೆಂಬರ್ ೧೯೫೮

ಕೃಷ್ಣಮ್ಮ,

ತಪ್ಪು ನನ್ನದೇ. ನಿಮ್ಮ ಮನೆಯನ್ನು ಉಳಿಸುತ್ತೇನೆ ಎಂದುಕೊಂಡು ನಿನ್ನ ತಂದೆಯ ತಲೆಯ ಮೇಲೆ ಹೊರಲಾರದ ಹೊರೆ ಇಟ್ಟೆ. ಪ್ರಾಮಾಣಿಕನಿಗೆ ಸುಳ್ಳು ಹೊಗಳಿಕೆ ಎಷ್ಟು ಭಾರ ಎಂದು ನನಗೆ ಹೊಳೆಯಲಿಲ್ಲ. ಜಮೀನು ಹೋದರೆ ನಾನು ಯಾವ ಮುಖ ಹೊತ್ತು ಬರಲಿ? ಆದರೂ ಹೇಳುತ್ತೇನೆ, ಇಂಥ ಗಂಡಸನ್ನು ನಾನು ಕಾದಂಬರಿಯಲ್ಲಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಸಂಕ್ರಾಂತಿ ಆದ ಕೂಡಲೇ ಬರಿ. ನಾನು ಅನ್ನ ಬಿಟ್ಟು ಕಾದಿರುತ್ತೇನೆ.

ನಾಗಮಣಿ

*

ಚೌಡೇನಕೆರೆ
೨೦ ಜನವರಿ ೧೯೫೯

ಅಕ್ಕಾ,

ಮೊದಲು ಊಟ ಮಾಡಿ. ಆಮೇಲೆ ಓದಿ.

ಸಂಕ್ರಾಂತಿಯ ಮಾರನೆಯ ದಿನ ಚಿಕ್ಕಬೈರಪ್ಪ ಪೂಜೆ ಮಾಡಿ ತೂಬಿಗೆ ಇಳಿದ. ಕಾಲುವೆ ಒಣಗಿಯೇ ಇತ್ತು. ಮರುದಿನ ಮತ್ತೆ ಇಳಿದು ಒಂದು ಹಿಡಿ ಕೆಸರು ಹಿಡಿದು ಬಂದ. ಮೂರನೆಯ ದಿನ ಮೂಗಿನಲ್ಲಿ ರಕ್ತ ಸುರಿಸಿಕೊಂಡು ಬಂದು ದಡದಲ್ಲಿ ಮಲಗಿಬಿಟ್ಟ. ಅಪ್ಪನೇ ಹೋಗಿ ಅವನ ಮುಖ ಒರೆಸಿ ಮನೆಗೆ ಬಿಟ್ಟು ಬಂದರು. ಕೆರೆಯ ತುಂಬ ನೀರು, ಕೆಳಗೆ ಭತ್ತದ ಸಸಿಮಡಿ ಹಳದಿಯಾಗುತ್ತಿತ್ತು. ಪಕ್ಕದ ಊರುಗಳಿಂದ ಕರೆಸಿದವರು ಆಳ ಕೇಳಿಯೇ ಹಿಂದಿರುಗಿದರು.

ನಾಲ್ಕನೆಯ ದಿನ ಬೆಳಿಗ್ಗೆ ಪಟೇಲರು ಐದು ಜನ ಹಿರಿಯರೊಡನೆ ವೀಳ್ಯದ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅಮ್ಮ ಹಟ್ಟಿ ಸಾರಿಸುತ್ತಿದ್ದಳು. ಎದ್ದು ಕೈ ತೊಳೆದುಕೊಂಡಳು.

"ಸೊಣ್ಣಮ್ಮಾ, ಇಪ್ಪತ್ ವರ್ಸ ನೀನು ಮುಟ್ಟಿದ ನೀರಲ್ಲೇ ನಾವು ಅನ್ನ ಉಂಡಿದೀವಿ. ಕೆರೆ ಬತ್ತಲಿಲ್ಲ. ಈಗ ಬಾರವ್ವ" ಎಂದು ಪಟೇಲರು ತಟ್ಟೆ ಚಾಚಿದರು.

ಅಮ್ಮ ಮುಟ್ಟಲಿಲ್ಲ. "ತಟ್ಟೇನ ಅವ್ರ ಕೈಗೆ ಕೊಡಿ. ಅವ್ರು ನೀರುಗಂಟಿ. ಅವ್ರು ಅಗ್ಗ ಇಡಿದ್ರೆ ನಾನ್ ಇಳೀತೀನಿ. ಬೇರೆ ಯಾರ್ ಇಡಿದ್ರೂ ಇಳಿಯಲ್ಲ" ಎಂದಳು.

ಪಟೇಲರು ಹಿರಿಯರ ಮುಖ ನೋಡಿದರು. ಯಾರೂ ಬೇಡ ಎನ್ನಲಿಲ್ಲ. ತಟ್ಟೆ ಅಪ್ಪನ ಕೈಗೆ ಬಂತು. ಅಲ್ಲಿಗೆ ನೀರುಗಂಟಿಕೆಯೂ ಜಮೀನೂ ನಮ್ಮಲ್ಲಿಯೇ ಉಳಿದಂತಾಯಿತು.

"ಯಾರೂ ಏರಿ ಹತ್ತದಂಗೆ ನಾನೇ ಕಾಯ್ತೀನಿ" ಎಂದರು ಪಟೇಲರು. ಅದಕ್ಕೆ ಅಮ್ಮ, "ಬ್ಯಾಡ. ಎಲ್ರೂ ಬನ್ನಿ. ಕಣ್ಣು ಓದ್ರೆ ಓಗ್ಲಿ" ಎಂದುಬಿಟ್ಟಳು.

ಊರಿಗೆ ಊರೇ ಬಂತು ಅಕ್ಕಾ. ಹಸುಗೂಸುಗಳು, ಮುದುಕಿಯರು, ನನ್ನ ಶಾಲೆಯ ಮಕ್ಕಳು, ಕೊನೆಯಲ್ಲಿ ಚಿಕ್ಕಬೈರಪ್ಪನೂ. ಬಿಸಿಲು ಚೆನ್ನಾಗಿ ಏರಿತ್ತು. ಅಪ್ಪ ತಮ್ಮ ಪಂಚೆಯಲ್ಲೇ ಹಗ್ಗ ಹಿಡಿದು ನಿಂತರು. ಅಮ್ಮ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡು, ಕಂಬದ ಕಲ್ಲಿಗೆ ಅರಿಶಿನ ಹಚ್ಚಿ, ಒಂದು ಸಲ ದೊಡ್ಡದಾಗಿ ಉಸಿರೆಳೆದು ಕೆಳಗೆ ಹೋದಳು.

ಇಷ್ಟು ವರ್ಷ ನಾನೂ ನೋಡಿರಲಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದೆ. ನೀರು ಮುಚ್ಚಿಕೊಂಡಿತು, ನಯವಾಯಿತು, ಮೋಡ ಕಾಣತೊಡಗಿತು. ನಾನು ಎಣಿಸಿದೆ. ಅಪ್ಪನ ತುಟಿಯೂ ಎಣಿಸುತ್ತಿತ್ತು. ಎಂಬತ್ತಕ್ಕೆ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದರು. ನೂರಕ್ಕೆ ಪಟೇಲರು ಪೇಟ ತೆಗೆದರು. ನೂರ ಹತ್ತಕ್ಕೆ ಏರಿಯ ಆಚೆ ಬದಿಯಲ್ಲಿ ಗುಳುಗುಳು ಸದ್ದಾಗಿ ಕಾಲುವೆಗೆ ನೀರು ಬಂತು. ಅಷ್ಟು ದಿನ ಆ ನೀರಿಗಾಗಿ ಬಾಯಿಬಿಟ್ಟವರು ಒಬ್ಬರೂ ಆ ಕಡೆ ತಿರುಗಲಿಲ್ಲ. ಎಲ್ಲರ ಕಣ್ಣು ಕೆರೆಯ ಮೇಲೆ. ನೂರ ಮೂವತ್ತು. ಇವಳು ನನ್ನ ಹೆತ್ತವಳು, ದಿನಾ ನನಗೆ ತಲೆ ಬಾಚುವವಳು ಎಂದು ನಂಬಲಾಗಲಿಲ್ಲ.

ಅಮ್ಮನ ತಲೆ ಮೇಲೆ ಬಂತು. ಕಂಬ ಹಿಡಿದು, ಮೂಗು ಒರೆಸಿಕೊಂಡು, ಏರಿಯ ಉದ್ದಕ್ಕೂ ನಿಂತಿದ್ದ ಜನರನ್ನು ಒಂದು ಸಲ ನೋಡಿದಳು.

"ಏನ್ ನೋಡ್ತಾ ನಿಂತಿದೀರಿ? ನೀರು ಓಗ್ತಾ ಐತೆ, ಗದ್ದೆಗೆ ಓಗ್ರೋ!"

ಒಬ್ಬರೂ ಕದಲಲಿಲ್ಲ ಅಕ್ಕಾ.

ನಿಮ್ಮ ತಂಗಿ,
ಕೃಷ್ಣಮ್ಮ